ತಿರುವಿ ಓದಿದರೂ ಅಷ್ಟೇ

ಬಜೆಟ್ ಮಂಡಿಸಿದ ಮರುದಿನದ ಪೇಪರು
ನಮ್ಮ ಶಾಲೆಗೆ ಬಂದದ್ದು ವಾರದ ಮೇಲೆ,
ಖಾಜಾಬಿಯ ಚೀಲದಲ್ಲಿ, ಮೊಟ್ಟೆ ಸುತ್ತಿಕೊಂಡು.
ಬಿಡಿಸಿ, ಮಡಿಕೆ ತೀಡಿ,
ಐದನೇ ತರಗತಿಗೆ ಭಿನ್ನರಾಶಿ ಹೇಳಿದೆ.
ಒಂದು ರೂಪಾಯಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು,
ಹೋಳು ಹೋಳಾದ ರೊಟ್ಟಿಯ ಚಿತ್ರ.
ಶಿಕ್ಷಣದ ತುಣುಕು ಯಾವುದೆಂದರೆ
ಲೋಳೆ ಅಂಟಿದ ಕಡೆ ಬೆರಳಿಟ್ಟರು.

ದೇವಸೂಗೂರಿನ ಈಚೆಗೆ ನಮ್ಮೂರು.
ಶಕ್ತಿನಗರದ ಚಿಮಣಿಯ ಬೂದಿ
ರಾತ್ರಿ ಬಂದು ಬೋರ್ಡಿನ ಮೇಲೆ ಕೂರುತ್ತದೆ;
ಒರೆಸದೆ ಬರೆದರೆ ಅಕ್ಷರ ಹಿಡಿಯುವುದಿಲ್ಲ.
ನಾನಿಲ್ಲಿ ಅತಿಥಿ ಶಿಕ್ಷಕಿ.
ಆರು ವರ್ಷದಿಂದ ಅತಿಥಿ.
ಬಂದವರಿಗೆ ಮೊದಲು ನೀರು, ಬೆಲ್ಲ ಕೊಡುವ ಸೀಮೆಯಲ್ಲಿ
ಡಿಸೆಂಬರಿನ ಗೌರವಧನ ಇನ್ನೂ ಹಾದಿಯಲ್ಲಿದೆ.

ಮಾರ್ಚ್ ಇಪ್ಪತ್ತೇಳಕ್ಕೆ ಬಂತೊಂದು ಕಾಗದ:
ಹೆಣ್ಣುಮಕ್ಕಳ ಶೌಚಾಲಯದ ದುರಸ್ತಿ, ಹದಿನೆಂಟು ಸಾವಿರ,
ಮೂವತ್ತೊಂದರೊಳಗೆ ವೆಚ್ಚ ಮಾಡಿ
ಹಣಬಳಕೆ ಪ್ರಮಾಣಪತ್ರ ಸಲ್ಲಿಸತಕ್ಕದ್ದು.
ಲೆಕ್ಕ ಶೀರ್ಷಿಕೆ ೨೨೦೨.
ಹೆಗಲ ಮೇಲಿಂದ ಇಣುಕಿದ ಸೂಗಮ್ಮ ಅಂದಳು:
"ಟೀಚರ್, ಇದು ತಿರುವಿ ಓದಿದ್ರೂ ಅಷ್ಟ ಐತ್ರಿ."

ಇಪ್ಪತ್ತೆಂಟು ಭಾನುವಾರ.
ಇಪ್ಪತ್ತೊಂಬತ್ತು, ಸರ್ವರ್ ಇಲ್ಲ.
ಮೂವತ್ತಕ್ಕೆ ಗೌಂಡಿ ಸಿಕ್ಕ, ಸಿಮೆಂಟು ಸಿಕ್ಕಿತು,
ಸಹಿ ಹಾಕುವವರು ರಾಯಚೂರಲ್ಲಿ ಮೀಟಿಂಗಿನಲ್ಲಿದ್ದರು.
ಮೂವತ್ತೊಂದರ ರಾತ್ರಿ ಹದಿನೆಂಟು ಸಾವಿರ
ಬಂದ ದಾರಿಯಲ್ಲೇ ಎದ್ದು ನಡೆಯಿತು,
ಯಾರಿಗೂ ಹೋಗಿಬರುತ್ತೇನೆ ಎನ್ನದೆ.

ಹೊಸ ಕೋಣೆ ಕಟ್ಟುವ ದುಡ್ಡಿಗೆ ಬೇರೆ ಅಂಕಿ, ೪೨೦೨ ಅಂದೆ.
ಖಾಜಾಬಿ ಸೌಟು ಹಿಡಿದೇ ನಕ್ಕಳು:
"ಅದರಾಗ ಫೋರ್ ಟ್ವೆಂಟಿ ಕುಂತೈತಲ್ರೀ ಅಕ್ಕೋರೆ."
ಮಕ್ಕಳ ಮುಂದೆ ಹಾಗನ್ನಬಾರದು ಎನ್ನಬೇಕಿತ್ತು.
ನಾನೂ ನಕ್ಕೆ.

ಏಪ್ರಿಲ್ ಎರಡಕ್ಕೆ ಕ್ಲಾಸಿನಲ್ಲೇ ವಿಧಾನಸಭೆ.
ಧನವಿನಿಯೋಗ ಮಸೂದೆ ಹೇಗೆಂದು ತೋರಿಸಿದೆ:
ಬೇಡಿಕೆ ಓದುತ್ತಾರೆ, ಹೌದೆನ್ನುವವರು ಹೌದೆನ್ನಬೇಕು,
ಗದ್ದಲವಿದ್ದರೂ ಸಾವಿರ ಕೋಟಿ ಪಾಸಾಗುತ್ತದೆ.
"ಬೇಡಿಕೆ ಅಂದ್ರ ಬೇಡೋದೇನ್ರಿ?" ಮೌನೇಶ ಕೇಳಿದ.
ಅಲ್ಲ ಅಂದೆ.
ಆಮೇಲೆ ಯೋಚಿಸುತ್ತ ನಿಂತೆ.

ಬೇಡಿಕೆ ಸಂಖ್ಯೆ ಒಂದು: ಶೌಚಾಲಯಕ್ಕೆ ಬಾಗಿಲು.
ಹುಡುಗಿಯರು ಹೌದೆಂದು ಕೂಗಿದರು.
ಹುಡುಗರು ಬ್ಯಾಟು, ಸ್ಟಂಪು ಎಂದು ತಿದ್ದುಪಡಿ ತಂದರು.
ಬಾಯಿ ತೆರೆಯದವಳು ಒಬ್ಬಳೇ,
ಏಳನೆಯದರಿಂದ ಬಂದು ಗೋಡೆಗೆ ಕೂತ ಅಂಬಮ್ಮ.
ಹಾಜರಿ ಪುಸ್ತಕ ತೆರೆದೆ:
ತಿಂಗಳು ತಿಂಗಳೂ ಸಾಲಾಗಿ
ಗೈರು, ಗೈರು, ಗೈರು, ಗೈರು.
ಅವಳ ಮತ ಎಂದೋ ಬಿದ್ದಿತ್ತು,
ಎಣಿಸುವವರು ನಾವಾಗಿದ್ದೆವು.

ಎಸ್‌ಡಿಎಂಸಿ ಅಧ್ಯಕ್ಷ ಅಯ್ಯಾಳಪ್ಪ ಗಂಜಿನ ಹಮಾಲಿ.
ಮುಚ್ಚಿದ ಜಿನ್ನಿಂಗ್ ಮಿಲ್ಲಿನ ತಗಡೊಂದನ್ನು
ಟಂಟಂ ಮೇಲೆ ಹೇರಿ ತಂದ.
ವೆಲ್ಡಿಂಗಿನವನು ಚಹಾ ಕುಡಿದು ಕೂಲಿ ಬಿಟ್ಟ.
ರಸೀದಿ ಇಲ್ಲದ, ಯಾವ ಶೀರ್ಷಿಕೆಗೂ ಸೇರದ ಬಾಗಿಲು;
ಹತ್ತಿಯ ಎಳೆ ಇನ್ನೂ ಮೊಳೆಗೆ ಸಿಕ್ಕಿತ್ತು.
ಮುಖ್ಯ ಗುರುಗಳಿಗೆ ಒಂದೇ ಚಿಂತೆ:
"ಇದನ್ನ ಎಲ್ಲಿ ತೋರಿಸೂಣು?"
ಮುಂದಿನ ಸಾಲಿನ ನಮೂನೆಯಲ್ಲಿ ಹೀಗೆ ತುಂಬಿದರು:
ಬಾಗಿಲು: ಇದೆ. ಅನುದಾನ: ಅಗತ್ಯವಿಲ್ಲ.

ಹತ್ತನೇ ತಾರೀಕಿಗೆ ನನ್ನ ಅತಿಥಿತನ ಮುಗಿಯಿತು;
ಜೂನಿನಲ್ಲಿ ಮತ್ತೆ ಅರ್ಜಿ.
ಹೊರಡುವ ಮೊದಲು ಒಳಗೆ ಹೋದೆ.
ಚಿಲಕ ಬಿಗಿ, ಎರಡು ಕೈ ಬೇಕು.
ತಗಡಿನ ಒಳಮೈಯಲ್ಲಿ, ಕೂತರೆ ಕಾಣುವ ಎತ್ತರಕ್ಕೆ,
ಸೀಮೆಸುಣ್ಣದಲ್ಲಿ ಯಾರೋ ಬರೆದಿದ್ದರು:
ಹವದು.

ಕಾಗುಣಿತ ತಿದ್ದಲಿಲ್ಲ.
ಬಸ್ಸಿಗೆ ಹೊತ್ತಾಗಿತ್ತು.