ಕಿಟ್ಟ

ಸಮುದ್ರ ಕಾಣದವನು ನಮ್ಮ ತಾತ.
ಅವನು ಕಂಡ ದೊಡ್ಡ ನೀರೆಂದರೆ ಬೇತಮಂಗಲದ ಕೆರೆ,
ಅದೂ ಕೋಡಿ ಬಿದ್ದ ವರ್ಷ.
ಆದರೂ ಹಡಗಿನ ಮಾತು ಬಂದರೆ
ಎಲೆಯಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಕೂತು ಹೇಳುವನು:
'ಮಲಗಿಸಿದ ಬಾಯ್ಲರು ಕಣೋ ಅದು. ಅಷ್ಟೇ.'

ಆಗವನಿಗೆ ಹದಿಮೂರು. ಚಿನ್ನದ ಗಣಿಯಲ್ಲಿ,
ಊರಿಗಾಂ ವರ್ಕ್‌ಷಾಪಿನ ಕುಲುಮೆ ಹುಡುಗ.
ರಿವೀಟು ಕೆಂಪಾಗಲು ಕಾದು,
ಕೆಂಪು ಹಳದಿಗೆ ತಿರುಗಲು ಒಂದು ಉಸಿರಿರುವಾಗ
ಇಕ್ಕಳದಲ್ಲಿ ಹಿಡಿದು ಮೇಲಕ್ಕೆಸೆದರೆ
ಅಟ್ಟಣಿಗೆಯ ಮೇಲೆ ಪಿಳ್ಳಾಚಾರಿ
ತಗಡಿನ ಡಬ್ಬಿಯಲ್ಲಿ ಹಿಡಿಯುವನು.
ಒಂದು ತಪ್ಪಿತು.
ತಾತನ ಬಲಹೆಗಲ ಮೇಲೆ ಕಾಸಿನಗಲ
ಹೊಳೆಯುವ ಚರ್ಮ, ಕೊನೆಯವರೆಗೂ.

ಹಾಸ್ಕಿನ್ ದೊರೆ ಗೋಡೆಗೆ ಚಿತ್ರ ಹೊಡೆದಿದ್ದ.
ಅವನ ತಮ್ಮ ಆ ದೇಶದ ಹಡಗುಕಟ್ಟೆಯಿಂದ ಕಳಿಸಿದ್ದು.
ಇನ್ನೂ ಬರೀ ಎಲುಬುಗೂಡು,
ಪಕ್ಕೆಗಳ ನಡುವೆ ಇರುವೆ ಹರಿದಂತೆ ಜನ.
'ಎಷ್ಟು ರಿವೀಟು?' ಪಿಳ್ಳಾಚಾರಿ ಕೇಳಿದ.
'ಮೂವತ್ತು ಲಕ್ಷ.'
ಪಿಳ್ಳಾಚಾರಿ ಅರ್ಧ ದಿನ ಮಾತಾಡಲಿಲ್ಲ.
ಸಂಜೆ ಕೈ ತೊಳೆಯುತ್ತ ಅಂದನಂತೆ:
'ಅಷ್ಟಕ್ಕೂ ಒಳ್ಳೇ ಕಬ್ಬಿಣ ಎಲ್ಲಿ ಸಿಕ್ಕೀತು?'

ಆಮೇಲೆ ತಿಂಗಳಿಗೊಂದು ಚಿತ್ರ.
ಎಲುಬಿಗೆ ಚರ್ಮ ಬಂತು. ಹೊಗೆಕೊಳವೆ ನಾಲ್ಕು,
ಒಂದೊಂದರೊಳಗೂ ಎರಡು ಜಟಕಾ ಜೋಡಿಯಾಗಿ ಹೋಗಬಹುದೆಂದು
ದೊರೆ ತೋಳು ಅಗಲಿಸಿ ತೋರಿಸಿದ.
ಹಡಗಿನೊಳಗೇ ಈಜುವುದಕ್ಕೊಂದು ಕೊಳವಂತೆ.
ನೀರಿನ ಮೇಲೆ ಹೋಗುವವರು
ನೀರು ಹೊತ್ತುಕೊಂಡು ಹೋಗುವರೇ?
ಎಲ್ಲರೂ ನಕ್ಕರು, ದೊರೆಯೂ.

ತಾತನಿಗೆ ಇನ್ನೊಂದು ಕೆಲಸವಿತ್ತು:
ಶನಿವಾರ ಬೆಂಗಳೂರಿನ ರೈಲಿಗೆ ಕಾದು
ದೊರೆಗಳ ಕ್ಲಬ್ಬಿಗೆ ಐಸು ಹೊರುವುದು.
ಮರದ ಹೊಟ್ಟು, ಗೋಣಿತಾಟು, ತಲೆಗೆ ಸಿಂಬಿ.
ಒಂದು ಮೈಲಿ ದಾರಿಯಲ್ಲಿ ಕಾಲುಭಾಗ
ಕತ್ತಿನಿಂದ ಬೆನ್ನಿಗಿಳಿದು ಚಡ್ಡಿ ನೆನೆಸುತ್ತಿತ್ತು.
ಬಟ್ಲರು ಬೈಯುವನು, ಕದ್ದು ತಿಂದೆಯಾ ಎಂದು.
ತಿಂದೂ ಇರುತ್ತಿದ್ದ, ಸ್ವಲ್ಪ.

ಆ ಬೇಸಿಗೆಯಲ್ಲಿ ತಂತಿ ಬಂತು.
ಹಾಸ್ಕಿನ್ ಎಂದಿನಂತೆ ಏಳಕ್ಕೇ ಬಂದ, ಟೋಪಿ ತೆಗೆಯಲಿಲ್ಲ.
ಗುಮಾಸ್ತ ಗೋವಿಂದರಾಜುಲು ಪಿಸುಗುಟ್ಟಿದ:
ಹಡಗು ಮುಳುಗಿತು, ಮೊದಲ ಪ್ರಯಾಣದಲ್ಲೇ.
ಕಟ್ಟಿದವರಲ್ಲಿ ಕೆಲವರನ್ನು ಜೊತೆಗೆ ಕಳಿಸಿದ್ದರು,
ತಮ್ಮನನ್ನೂ.
ಬಂಡೆಯಾ? ಅಲ್ಲ. ಫಿರಂಗಿಯಾ? ಅಲ್ಲ.
'ಐಸು.'
ತಾತ ತನ್ನ ಕತ್ತು ಮುಟ್ಟಿಕೊಂಡ.
ಎಷ್ಟು ದೊಡ್ಡ ಐಸು?
ಗುಮಾಸ್ತ ಕಿಟಕಿಯಾಚೆ ಬೆರಳು ತೋರಿಸಿದ.
ಬಿಸಿಲಿಗೆ ಬೆಳ್ಳಗೆ ಕೂತಿತ್ತು ಸೈನೈಡ್ ದಿಬ್ಬ.

ಅಂದು ರಾತ್ರಿ ದೊರೆ ಮೂರನೇ ಬಾಯ್ಲರು ಆರಿಸಿದ.
ಲಾಂದ್ರ ಹಿಡಿದು ತಾತ, ಸುತ್ತಿಗೆ ಹಿಡಿದು ಪಿಳ್ಳಾಚಾರಿ,
ಒಂದೊಂದೇ ರಿವೀಟು ಬಡಿದು ಕೇಳಿದರು.
ಠಣ್. ಠಣ್. ಠಣ್.
ಡಬ್ ಎಂದರೆ ಒಳಗೆ ಕಿಟ್ಟ. ಅದಕ್ಕೆ ಸುಣ್ಣ.
ಬೆಳಗಿನ ಪಾಳಿಯ ಕೂಗು ಆಗುವಾಗ
ಹನ್ನೊಂದು ಬೊಟ್ಟುಗಳಿದ್ದವು.
ಮಗುವಿನ ಮೈಮೇಲೆ ಅಮ್ಮ ಎದ್ದಳೋ ಎಂದು ನೋಡುವಂತೆ
ಹಾಸ್ಕಿನ್ ಒಂದೊಂದನ್ನೂ ಮುಟ್ಟಿದ.

ತಂತಿಗೆ ಒಂದು ದಿನ, ಕಾಗದಕ್ಕೆ ನಾಲ್ಕು ವಾರ.
ಸತ್ತ ತಮ್ಮ ಆಮೇಲೆ ಬರೆದ:
ಊಟ ಚೆನ್ನಾಗಿದೆ, ಹಾಸಿಗೆ ಮೆತ್ತಗಿದೆ,
ಹೊಸ ಬಣ್ಣದ ವಾಸನೆಗೆ ತಲೆನೋವು, ಅದೊಂದೇ.
ಗೋಡೆಯ ಚಿತ್ರಗಳನ್ನು ಯಾರೂ ಕೀಳಲಿಲ್ಲ.
ಕುಲುಮೆಯ ಹೊಗೆಗೆ ತಾವೇ ಕಪ್ಪಾದವು,
ಮೊದಲು ಆಕಾಶ, ಆಮೇಲೆ ಹಡಗು.

ನಮ್ಮ ಮನೆಗೆ ಫ್ರಿಜ್ಜು ಬಂದದ್ದು ಎಪ್ಪತ್ತೊಂಬತ್ತರಲ್ಲಿ.
ಎಂಬತ್ತರ ತಾತ ಒಂದು ತುಂಡು ಐಸು ತೆಗೆದ,
ಕಿವಿಗೆ ಹಿಡಿದು ಉಗುರಿನಿಂದ ಬಡಿದ.
ನೀರು ಮೊಣಕೈಗಿಳಿಯುತ್ತಿತ್ತು.
ತಿರುಗಿಸಿ ಇನ್ನೊಂದು ಮಗ್ಗುಲು ಬಡಿದ.
'ಇದರಲ್ಲಿ ಕಿಟ್ಟ ಇಲ್ಲ' ಎಂದ,
ಬಾಯಿಗೆ ಹಾಕಿಕೊಂಡ.