ಹಿಂದಿನ ಕಿಂಡಿ

ಕೌಂಟರು ಕಿತ್ತದ್ದು ಸೋಮವಾರ.
ಮತ್ತಿ ಮರದ ಹಲಗೆ, ಒಂಬತ್ತು ಅಡಿ ಉದ್ದ,
ನಾಲ್ಕು ಜನ ಹೊತ್ತು ಹೊರಗಿಟ್ಟರೆ
ಕೋಡಿಬಾಗದ ರಸ್ತೆ ಅರ್ಧ ಅದಕ್ಕೇ ಬೇಕಾಯಿತು.
ಟೆಂಪೋದವನು ಹಾರ್ನು ಹೊಡೆದ. ಹೊಡೆಯಲಿ.
ಎಂಬತ್ತು ವರ್ಷ ನಿಂತೇ ಇದ್ದದ್ದು
ಒಂದು ಗಳಿಗೆ ಅಡ್ಡಾಗಲಿ.

ಅದರಡಿಯ ನೆಲ ಇನ್ನೂ ಹೊಸತು,
ಕೆಂಪು ಸಿಮೆಂಟು, ಮೊನ್ನೆ ಉಜ್ಜಿದ ಹಾಗೆ.
ಸಿಕ್ಕಿದ್ದು ಮೂರು ಬೂಚು, ಒಣ ಸೀಗಡಿಯ ಮೀಸೆ,
ಬೆಳ್ಳಿಯದೊಂದು ಶಿಲುಬೆ, ಒಂದು ತೂತಿನ ಕಾಸು.
ಶಿಲುಬೆಯನ್ನು ಎಲ್ರಾಯ್ ಜೇಬಿಗೆ ಹಾಕಿದ,
ಕಾಸು ನನಗೆ ಕೊಟ್ಟ.

ಅವನಜ್ಜ ಸಾಲ್ವಾದೋರ್ ಬಾಬ್ ಕಟ್ಟಿದ ಬಾರು.
ಈಗ ಒಳಗೆಲ್ಲ ಬದಲು.
ಮಡಗಾಂವದಿಂದ ಡಿಸೈನರ್ ಬಂದಿದ್ದಾಳೆ,
ಒಳ್ಳೆ ಹುಡುಗಿ, ಊಟ ಆಯ್ತಾ ಎಂದು ಕೇಳುತ್ತಾಳೆ,
ಲ್ಯಾಪ್‌ಟಾಪಿನಲ್ಲಿ ಬಾರನ್ನು ತಿರುಗಿಸಿ ತಿರುಗಿಸಿ ತೋರಿಸುತ್ತಾಳೆ.
ಎಲ್ಲ ಹಳೆಯದರ ಹಾಗೆ ಕಾಣಬೇಕಂತೆ.
ಹಳೆಯದಕ್ಕೆ ಗೆದ್ದಲು ಹಿಡಿದಿದೆ,
ಅದು ಹಳೆಯದರ ಹಾಗೆ ಕಾಣುವುದಿಲ್ಲ.

ಹಾಗಾಗಿ ಮಂಗಳವಾರದಿಂದ ನನ್ನ ಕೆಲಸ
ಹೊಸ ಹಲಗೆಗೆ ಹೊಡೆಯುವುದು.
ಸೈಕಲ್ ಚೈನು ಬೀಸಿ, ಮೊಳೆಯಿಂದ ಗೀರಿ,
ಚಹಾದ ಚೊಗರು ಬಳಿದು,
ಮೊಣಕೈ ಸವೆಸುವಲ್ಲಿ ಉಪ್ಪುಕಾಗದ ತಿಕ್ಕಿ.
ಮೂವತ್ತು ವರ್ಷ ಮರಕ್ಕೆ ಗೀರು ಬೀಳದ ಹಾಗೆ
ಉಸಿರು ಬಿಗಿಹಿಡಿದವನು ನಾನು.
ಉಮೇಶ ನಗುತ್ತಾನೆ:
ಎಂತ ಮಾರಾಯ, ಕಳ್ಳನಿಗೆ ಬಾರಿಸಿದ ಹಾಗೆ ಬಾರಿಸ್ತೆ!

ಗೋಡೆ ಕೆರೆದಷ್ಟೂ ಬಣ್ಣ.
ಎಲ್ರಾಯ್‌ನ ಅಪ್ಪನ ಮದುವೆಯ ಗುಲಾಬಿ,
ದೋಣಿಗೆ ಬಳಿದು ಮಿಕ್ಕಿದ ನೀಲಿ,
ಯಾರೂ ಒಪ್ಪಿಕೊಳ್ಳದ ಒಂದು ಹಸಿರು,
ತಳದಲ್ಲಿ ಚಿಪ್ಪಿನ ಸುಣ್ಣ,
ತುಟಿಗೆ ತಾಗಿದರೆ ಈಗಲೂ ಚುರ್ರೆನ್ನುತ್ತದೆ.

ಹಿಂದಿನ ಗೋಡೆಗೆ ಬಂದದ್ದು ಗುರುವಾರ.
ಕ್ಯಾಲೆಂಡರಿನ ಹಿಂದೆ ಪ್ಲೈವುಡ್ಡು,
ಪ್ಲೈವುಡ್ಡಿನ ಹಿಂದೆ ಕಿಂಡಿ.
ಒಂದೂವರೆ ಅಡಿ ಅಗಲ, ಸೊಂಟದೆತ್ತರ,
ಗಟಾರದ ಓಣಿಗೆ ತೆರೆಯುವಂಥದ್ದು.
ಹೊರಗೆ ಸಾಲಾಗಿ ನಾಲ್ಕು ಮೊಳೆ.
ಅಯ್ಯೋ ಎಷ್ಟು ಚಂದ, ಎಂದಳು ಹುಡುಗಿ,
ಇದು ಯಾತಕ್ಕಿತ್ತು?
ಗಾಳಿಗೆ ಇರಬೇಕು, ಎಂದ ಎಲ್ರಾಯ್.
ಗಾಳಿಗೇ, ಎಂದೆ ನಾನೂ.

ನನ್ನಪ್ಪ ಜಟ್ಟು, ಬಂದರಿನಲ್ಲಿ ಅದಿರು ಹೊತ್ತು
ಸಂಜೆ ಆ ಓಣಿಯಿಂದ ಬರುತ್ತಿದ್ದ.
ಮೊಳೆಯಿಂದ ತನ್ನ ಕರಟ ಬಿಡಿಸಿ
ಬಗ್ಗಿ ಹಿಡಿಯುತ್ತಿದ್ದ. ಮೇಲಿಂದ ಉರಾಕ್ ಬೀಳುತ್ತಿತ್ತು.
ದುಡ್ಡು ಕಟ್ಟೆಯ ಮೇಲಿಡಬೇಕು, ಕೈಗಲ್ಲ.
ಕುಡಿದು, ತೊಳೆದು, ಅದೇ ಮೊಳೆಗೆ.
ತನ್ನದು ಯಾವುದೆಂದು ತಿಳಿಯಲು
ಅಂಚಿಗೊಂದು ಗೀರು ಹಾಕಿಕೊಂಡಿದ್ದ.

ಆ ಕಿಂಡಿ ಬಗ್ಗದೆ ಸಿಗುತ್ತಿದ್ದದ್ದು ನನಗೊಬ್ಬನಿಗೆ.
ಏಳು ವರ್ಷದ ಕಣ್ಣಿಗೆ ಸರಿಯಾದ ಎತ್ತರ.
ಕನ್ನಡಿ, ಬಾಟಲಿ, ರೇಡಿಯೋದ ಹಳದಿ ದೀಪ,
ಮತ್ತಿಯ ಹಲಗೆ, ಅದರ ಮೇಲೆ ನೀರಿನಂಥ ಹೊಳಪು.
ಅದನ್ನು ನೋಡಿಯೇ ಬಡಗಿಯಾದೆ ಎಂದರೆ ಸುಳ್ಳಾದೀತು.
ನೋಡಿದ್ದೆ, ಅಷ್ಟೆ.

ಹಲಗೆ ಈಗ ನನ್ನ ಮನೆಯ ಮಾಡಿನ ಕೆಳಗಿದೆ.
ಗೆದ್ದಲು ತಿಂದದ್ದು ಕೊಯ್ದರೆ ಆರಡಿ ಉಳಿದೀತು.
ಏನು ಮಾಡುತ್ತೀರಿ ಎನ್ನುತ್ತಾಳೆ ಹೆಂಡತಿ.
ಗೊತ್ತಿಲ್ಲ.

ಶನಿವಾರ ದೀಪ ಹತ್ತಿತು.
ನಾಲ್ಕು ಮೊಳೆಗೆ ನಾಲ್ಕು ತಾಮ್ರದ ಲೋಟ ತೂಗಿದವು.
ಎಲ್ರಾಯ್ ಕೈ ಹಿಡಿದೆಳೆದು ಕೂರಿಸಿದ,
ಮೊದಲನೇ ಗ್ಲಾಸು ನಿನ್ನದು ಎಂದ.
ಕೂತೆ. ಮೊಣಕೈ ಊರಿದೆ.
ಹಲಗೆಯ ಗಾಯವೆಲ್ಲ ನನಗೆ ಗುರುತು,
ಒಂದೂ ಯಾರದ್ದೂ ಅಲ್ಲ.

ಓಣಿಯಲ್ಲಿ ಫೋಟೋಕ್ಕೆ ಸಾಲು.
ಕಿಂಡಿಯಲ್ಲಿ ಒಬ್ಬ ಹುಡುಗನ ಮುಖ ಬಂತು.
ಇನ್ನೊಂಚೂರು ಬಗ್ಗು, ಎಂದರು ಹಿಂದಿನವರು,
ಬೆಳಕು ಬೀಳಲಿ.
ಬಗ್ಗಿದ. ನನ್ನನ್ನು ಕಂಡು ನಕ್ಕ.
ನಾನೂ ನಕ್ಕು ಗ್ಲಾಸೆತ್ತಿದೆ.

ಹೊರಡುವಾಗ ಎಲ್ರಾಯ್ ಕೈ ಚಾಚಿದ, ಕುಲುಕಿದೆ.
ಆಮೇಲೆ ಯಾಕೋ ಓಣಿಯಿಂದ ಸುತ್ತಿ ಬಂದು
ತೂತಿನ ಕಾಸನ್ನು
ಕಿಂಡಿಯ ಕಟ್ಟೆಯ ಮೇಲಿಟ್ಟೆ.