ಕೆಂಪು ತೋರಿಸು

ಲಿಯೆಪಾಯದಲ್ಲಿ ಡಿಸೆಂಬರಿನ ಹಗಲು
ನಾನು ಅಂಗಡಿ ಬಾಗಿಲು ತೆಗೆಯುವಾಗ ಹುಟ್ಟಿ
ಮಧ್ಯಾಹ್ನದ ಕಾಫಿ ಆರುವಷ್ಟರಲ್ಲಿ ಮುಗಿಯುತ್ತದೆ.
ಹಾಗಾಗಿ ವ್ಯಾಪಾರಕ್ಕೆ ಮೋಸವಿಲ್ಲ.

ಬಲ್ಬು ಮಾರುತ್ತೇನೆ, ಇಪ್ಪತ್ತೆರಡು ವರ್ಷದಿಂದ.
ಕೌಂಟರಿನ ಮೇಲೊಂದು ಹಲಗೆ, ಹಲಗೆಗೆ ನಾಲ್ಕು ಹೋಲ್ಡರು.
ಅನುಮಾನವಿದ್ದವರು ಹಾಕಿ ನೋಡಬಹುದು.
ಯಾರೂ ನೋಡುವುದಿಲ್ಲ. ಬೆಲೆ ನೋಡುತ್ತಾರೆ,
ಆಮೇಲೆ ಡಬ್ಬಿಯ ಮೇಲೆ ಬರೆದ ಗಂಟೆ:
ಹದಿನೈದು ಸಾವಿರ. ಇಪ್ಪತ್ತೈದು ಸಾವಿರ.
ಅಷ್ಟು ಹೊತ್ತು ಎದುರು ಕೂತು ಎಣಿಸಿದವರು ಯಾರು
ಎಂದು ಒಬ್ಬರೂ ಕೇಳಿದ್ದಿಲ್ಲ.

ಸ್ಕೈದ್ರೀತೆ ಕೇಳಿದರು.
ನೀತ್ಸದ ನೇಕಾರ್ತಿ, ವಯಸ್ಸು ಎಪ್ಪತ್ತೊಂಬತ್ತು.
ಪತ್ರಿಕೆಯಲ್ಲಿ ಸುತ್ತಿ ತಂದಿದ್ದ ಮೂರು ಬಲ್ಬನ್ನು
ಪಂಚಾಯ್ತಿಗೆ ಕೂರಿಸಿದ ಹಾಗೆ ಸಾಲಾಗಿ ಇಟ್ಟರು.
ಪ್ರತಿಯೊಂದರ ಕುತ್ತಿಗೆಯ ಮೇಲೂ ಪೆನ್ನಿನಲ್ಲಿ ತಾರೀಕು,
ಹಾಕಿದ ದಿನದ್ದು.

ಸುರುಳಿ ಸುತ್ತಿದ ಹಳೆಯದು ಮೊದಲು.
'ಸ್ವಿಚ್ಚು ಒತ್ತಿದರೆ ಯೋಚಿಸಿ ಯೋಚಿಸಿ ಹತ್ತುತ್ತಿತ್ತು,
ನಾನು ಮೆಟ್ಟಿಲಿಳಿದ ಮೇಲೆ ಮೆಟ್ಟಿಲು ತೋರಿಸುತ್ತಿತ್ತು.
ಆದರೂ ಒಂಬತ್ತು ವರ್ಷ ಬಂತು.'
ಎರಡನೆಯದು ದೊಡ್ಡ ಕಂಪನಿಯದು, ಹನ್ನೊಂದು ಯೂರೋ,
ಐದು ತಿಂಗಳಿಗೆ ಮುಗಿಯಿತು.
ಗಾಜಿನ ಗುಂಡಿನೊಳಗೆ ಮುಚ್ಚಿಟ್ಟಿರಾ ಎಂದೆ. ಹೌದಂತೆ.
ಸೆಕೆಗೆ ಒಳಗಿನ ಕೆಪಾಸಿಟರು ಬೆಂದಿದೆ, ಎಂದೆ.
ಬೆಳಕು ಅಷ್ಟು ಸುಲಭಕ್ಕೆ ಸಾಯುವುದಿಲ್ಲ,
ಅದಕ್ಕೆ ಉಣ್ಣಿಸುವುದು ಸಾಯುತ್ತದೆ.
'ಅದು ನನಗೆ ಗೊತ್ತಿರುವ ವಿಷಯ' ಎಂದರು.

ಮೂರನೆಯದು ತೊಂಬತ್ತೊಂಬತ್ತು ಸೆಂಟಿನದು.
'ಇದು ಸತ್ತಿಲ್ಲ. ಅದೇ ತಕರಾರು.'

ಚೀಲದಿಂದ ಎರಡು ಲಡಿ ಉಣ್ಣೆ ತೆಗೆದರು.
'ಇದರ ಕೆಳಗೆ ಕೂತು ಕೆಂಪು ಲಂಗ ನೇಯ್ದೆ.
ಬೆಳಕು ಬಂದ ಮೇಲೆ ಕಿಟಕಿಗೆ ಹಿಡಿದರೆ
ನಡುವೆ ಎರಡು ಗೇಣು ಕಂದು.
ಹನ್ನೊಂದು ದಿನ ಬಿಚ್ಚಿದೆ.
ಅದನ್ನು ಯಾವ ಡಬ್ಬಿಯ ಮೇಲೆ ಬರೆದಿದ್ದೀರಿ?'

ಬೆಳ್ಳಗಿರುವುದೆಲ್ಲ ಹಾಲಲ್ಲ.
ಅರವತ್ತು ವ್ಯಾಟಿನ ಬೆಳಕು ಎಂಟೂವರೆ ವ್ಯಾಟಿಗೆ ಬರುತ್ತದೆ ನಿಜ,
ಬರುವಾಗ ದಾರಿಯಲ್ಲಿ ಏನೇನು ಬೀಳಿಸಿಕೊಂಡು ಬರುತ್ತದೋ
ಕರೆಂಟಿನ ಬಿಲ್ಲು ಹೇಳುವುದಿಲ್ಲ.

ನಾಲ್ಕು ಹೋಲ್ಡರಿಗೂ ನಾಲ್ಕು ಹಾಕಿದೆ.
ಒಂದರ ಕೆಳಗೆ ಉಣ್ಣೆ ಕಟುಕನಂಗಡಿಯ ಯಕೃತ್ತು.
ಇನ್ನೊಂದರ ಕೆಳಗೆ ಮಳೆಗೆ ಸಿಕ್ಕ ಇಟ್ಟಿಗೆ.
ಮೂರನೆಯದಕ್ಕೆ ಅವರು ತಲೆಯಲ್ಲಾಡಿಸಿದರು ಅಷ್ಟೆ.
ನಾಲ್ಕನೆಯ ಸ್ವಿಚ್ಚು ಒತ್ತಿದಾಗ ಮಾತಾಡಲಿಲ್ಲ,
ಲಡಿಯನ್ನು ಮೂಗಿನ ಹತ್ತಿರ ಹಿಡಿದರು,
ಬಣ್ಣಕ್ಕೆ ಹಾಕಿದ ಬೇರಿನ ವಾಸನೆ ಮರಳಿ ಬಂದ ಹಾಗೆ.

'ಎಷ್ಟು?'
ಒಂಬತ್ತು ಯೂರೋ ನಲವತ್ತು. ಹದಿನೈದು ಸಾವಿರ ಗಂಟೆ.
ದಿನಕ್ಕೆ ಮೂರು ಗಂಟೆಯಂತೆ ಹದಿಮೂರು ವರ್ಷ ಎಂಟು ತಿಂಗಳು.
'ತೊಂಬತ್ತೆರಡು ದಾಟುತ್ತದೆ. ಅಷ್ಟು ನನಗೆ ಬೇಡ.
ಮಿಕ್ಕ ಗಂಟೆ ನೀನೇ ಇಟ್ಟುಕೊಂಡು ಅರ್ಧ ಬೆಲೆಗೆ ಕೊಡು.'
ನಾನು ನಗುವಷ್ಟರಲ್ಲಿ ಅವರೇ ತಡೆದರು:
'ಇರು. ದಿನಕ್ಕೆ ಮೂರೇ ಗಂಟೆ ಯಾರು ನೇಯುತ್ತಾರೆ?
ಎಂಟು ಹಾಕು.'
ಎಂಟು ಹಾಕಿದೆ. ಐದು ವರ್ಷ, ಚಿಲ್ಲರೆ ದಿನ.
'ಎಂಬತ್ತನಾಲ್ಕು. ಸರಿಹೋಯಿತು. ಕಟ್ಟು.'

ಅಗ್ಗದ್ದನ್ನು ವಾಪಸು ಚೀಲಕ್ಕೆ ಹಾಕಿಕೊಂಡರು.
ನೆಲಮಾಳಿಗೆಗಂತೆ. ಆಲೂಗಡ್ಡೆಗೆ
ತನ್ನ ಬಣ್ಣ ತಿಳಿದು ಏನಾಗಬೇಕು.
ಹೊಸದರ ಕುತ್ತಿಗೆಗೆ ತಾರೀಕು ಬರೆಯಲು
ನನ್ನ ಪೆನ್ನೇ ಕೇಳಿದರು, ಮರಳಿ ಕೊಡಲಿಲ್ಲ.

ಸಂಜೆ, ಎಂದರೆ ನಾಲ್ಕು ಗಂಟೆಗೆ,
ಒಬ್ಬನೇ ಇದ್ದಾಗ ಆ ನಾಲ್ಕನೆಯದನ್ನು ಮತ್ತೆ ಹಚ್ಚಿದೆ.
ಕತ್ತಲಲ್ಲಿ ತೊಟ್ಟು ಬಂದು ಕತ್ತಲಲ್ಲಿ ಕಳಚುವ,
ಆರು ಚಳಿಗಾಲ ಕಪ್ಪೆಂದೇ ನಂಬಿದ ನನ್ನ ಕೋಟು
ಹಸಿರು.

ಹೆಂಡತಿಗೆ ಫೋನು ಮಾಡಿ ಹೇಳಿದೆ.
ಅವಳಿಗೆ ಕೊಂಡ ದಿನವೇ ಗೊತ್ತಿತ್ತಂತೆ.